ಮಾವನವರಿಗೆ 2004ರಲ್ಲಿ ಆಗಲ್ಲ ಅಂದಿದ್ದರು, ಈಗ ಮತ್ತೆ ಕೇಳಬಹುದಾ?

ಪ್ರಶ್ನೆ: ನಾನು ಹಾಸನದ ಕಡೆಯವಳು. ಮದುವೆಯಾಗಿ ಅಮೆರಿಕದ ಓಹಾಯೋದಲ್ಲಿದ್ದೇನೆ. ನನ್ನ ಮಾವ ಅಮೆರಿಕದವರು, 1969ರಲ್ಲಿ ಸೈನ್ಯದ ಜೊತೆ ವಿಯೆಟ್ನಾಂನಲ್ಲಿದ್ದರು. 2003ರಲ್ಲಿ ಹಾರ್ಟ್ ಅಟ್ಯಾಕ್ ಆಗಿ ಬೈಪಾಸ್ ಆಯಿತು. ಅಲ್ಲಿ ಯುದ್ಧದಲ್ಲಿ ಸುರಿದ ಏಜೆಂಟ್ ಆರೆಂಜ್ ಅನ್ನುವ ಕಳೆನಾಶಕದಿಂದ ಬಂದಿದ್ದು ಅಂತ 2004ರಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿದರು, ತಿರಸ್ಕಾರವಾಯಿತು. ಆಮೇಲೆ ಆ ಮಾತೇ ಎತ್ತಿಲ್ಲ. ಈಗ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ. ನಾಲ್ಕು ತಿಂಗಳ ಹಿಂದೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಗಿ ರೇಡಿಯೇಷನ್ ನಡೆಯುತ್ತಿದೆ. ಮತ್ತೆ ಕೇಳಬಹುದಾ? ಮುಂದೆ ಅತ್ತೆಗೆ ಏನಾದರೂ ಸಿಗುತ್ತಾ? ಇನ್ನೊಂದು ವಿಷಯ, ನನ್ನ ಅಣ್ಣನ ಮಗನೂ ಅಮೆರಿಕದ ಸೈನ್ಯದಲ್ಲಿದ್ದ, 2011ರಲ್ಲಿ ಅಫ್ಘಾನಿಸ್ತಾನಕ್ಕೆ ಹೋಗಿದ್ದ. ಈಗ ಅವನಿಗೆ ಆಸ್ತಮಾ. ಮೈಸೂರಿಗೆ ವಾಪಸ್ ಬಂದು ನೆಲೆಸಿದ್ದಾನೆ. ಅವನಿಗೂ ದಾರಿ ಇದೆಯಾ?

ಉತ್ತರ:

ಕೇಳಬಹುದು. ಕೇಳಲೇಬೇಕು. ಈ ಉತ್ತರ ಪೂರ್ತಿ ಓದುವ ಮುಂಚೆ ಒಂದು ಕೆಲಸ ಮಾಡಿ. ಮಾವನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಜಿ ಸೈನಿಕರನ್ನು ನೋಡಿಕೊಳ್ಳುವ ವೆಟರನ್ಸ್ ಅಫೇರ್ಸ್ ಇಲಾಖೆಯ 800-827-1000 ನಂಬರಿಗೆ ಫೋನ್ ಮಾಡಿ, "ಇಂಟೆಂಟ್ ಟು ಫೈಲ್ ದಾಖಲಿಸಿಕೊಳ್ಳಿ" ಅಂತ ಅವರ ಬಾಯಲ್ಲೇ ಹೇಳಿಸಿ. ಅರ್ಜಿ ಹಾಕುವ ಉದ್ದೇಶ ಇದೆ ಅಂತ ತಿಳಿಸುವುದು, ಅಷ್ಟೇ. ಹೀಗೆ ಮಾಡಿದರೆ ಪೂರ್ತಿ ಅರ್ಜಿ ಕೊಡಲು ಒಂದು ವರ್ಷ ಸಮಯ ಸಿಗುತ್ತದೆ, ಮಂಜೂರಾದಾಗ ಹಣದ ಲೆಕ್ಕ ಫೋನ್ ಮಾಡಿದ ದಿನದಿಂದ ಶುರುವಾಗುತ್ತದೆ. ಕ್ಯಾನ್ಸರ್ ಗೊತ್ತಾಗಿ ಆಗಲೇ ನಾಲ್ಕು ತಿಂಗಳಾಯಿತು ಅಂತೀರಿ. ಆ ನಾಲ್ಕು ತಿಂಗಳ ಹಣ ಬಹುಮಟ್ಟಿಗೆ ಹೋದ ಹಾಗೆಯೇ. ಐದನೆಯದೂ ಹೋಗುವುದು ಬೇಡ.

ಈಗ ವಿಷಯಕ್ಕೆ ಬರೋಣ. ನಾನು ಸುಮಾರು ಹನ್ನೆರಡು ವರ್ಷದಿಂದ ಇಂಥ ಅರ್ಜಿಗಳಿಗೆ ಸಹಾಯ ಮಾಡುತ್ತಿದ್ದೇನೆ. ಹೆಚ್ಚಿನ ಮನೆಗಳಲ್ಲಿ ಒಂದೇ ತಪ್ಪು ತಿಳಿವಳಿಕೆ ಕಾಣುತ್ತೇನೆ. ರಾಸಾಯನಿಕ ಮೈಮೇಲೆ ಬಿತ್ತು, ಅದರಿಂದಲೇ ಈ ಕಾಯಿಲೆ ಬಂತು ಅಂತ ತಾವೇ ಸಾಬೀತು ಮಾಡಬೇಕು ಅಂದುಕೊಂಡಿರುತ್ತಾರೆ. ಐವತ್ತೈದು ವರ್ಷದ ಹಿಂದೆ ಯಾವ ವಿಮಾನ ಎಲ್ಲಿ ಏನು ಸುರಿಯಿತು ಅಂತ ಒಬ್ಬ ಇಪ್ಪತ್ತರ ಹುಡುಗ ಬರೆದಿಟ್ಟುಕೊಂಡಿರುತ್ತಾನಾ? ಆಗದ ಮಾತು. ಅದಕ್ಕೇ ಕಾನೂನು ಬದಲಾಯಿತು. 1991ರ ಏಜೆಂಟ್ ಆರೆಂಜ್ ಕಾಯ್ದೆ ಹೇಳುವುದು ಇಷ್ಟು: ನೀವು 1962ರ ಜನವರಿ 9ರಿಂದ 1975ರ ಮೇ 7ರ ಒಳಗೆ ವಿಯೆಟ್ನಾಂ ನೆಲದ ಮೇಲೆ ಕಾಲಿಟ್ಟಿದ್ದೀರಾ? ಒಂದೇ ದಿನ ಆದರೂ ಸಾಕು. ಪಟ್ಟಿಯಲ್ಲಿರುವ ಕಾಯಿಲೆ ನಿಮಗಿದೆಯಾ? ಹಾಗಾದರೆ ಅದು ಸೇವೆಯಿಂದಲೇ ಬಂದದ್ದು ಅಂತ ಸರ್ಕಾರ ಒಪ್ಪಿಕೊಂಡು ಮುಂದುವರಿಯಬೇಕು. ಇದನ್ನು ಪ್ರಿಸಂಪ್ಷನ್ ಅನ್ನುತ್ತಾರೆ. ನಾವು ಪೂರ್ವಭಾವನೆ ಅನ್ನಬಹುದು, ಆದರೆ ಫಾರಂ ತುಂಬುವಾಗ ನೀವು ಕೇಳುವುದು ಪ್ರಿಸಂಪ್ಟಿವ್ ಅನ್ನುವ ಪದವನ್ನೇ.

ಆ ಪಟ್ಟಿ ಹುಟ್ಟಿದ್ದು ಸುಲಭವಾಗಿ ಅಲ್ಲ. 1962ರಿಂದ 1971ರವರೆಗೆ ಆಪರೇಷನ್ ರಾಂಚ್ ಹ್ಯಾಂಡ್ ಹೆಸರಿನಲ್ಲಿ ವಿಮಾನಗಳು ದಕ್ಷಿಣ ವಿಯೆಟ್ನಾಂ ಮೇಲೆ 7 ಕೋಟಿ ಲೀಟರಿಗೂ ಜಾಸ್ತಿ ಕಳೆನಾಶಕ ಸುರಿದವು. ಕಾಡಿನ ಎಲೆ ಉದುರಿಸಿ ಶತ್ರು ಕಾಣಿಸುವಂತೆ ಮಾಡುವುದು, ಬೆಳೆ ನಾಶ ಮಾಡುವುದು, ಇದೇ ಉದ್ದೇಶ. ಡ್ರಮ್ಮಿನ ಸುತ್ತ ಬಳಿದಿದ್ದ ಕಿತ್ತಳೆ ಪಟ್ಟಿಯಿಂದ ಏಜೆಂಟ್ ಆರೆಂಜ್ ಅನ್ನುವ ಹೆಸರು ಬಂತು. ಅದರಲ್ಲಿದ್ದ 2,4,5-ಟಿ ಅನ್ನುವ ರಾಸಾಯನಿಕವನ್ನು ತಯಾರಿಸುವಾಗ ಡೈಆಕ್ಸಿನ್ ಸೇರಿಕೊಂಡಿತ್ತು. ಅದು ಮಣ್ಣಿನಲ್ಲಿ, ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುವ ವಿಷ. ಕ್ಯಾಂಪಿನ ಬೇಲಿ ಸುತ್ತ ಕೈಪಂಪಿನಲ್ಲೂ ಹೊಡೆಯುತ್ತಿದ್ದರು. ಹಾಗಾಗಿ ಕಾಡಿಗೆ ಹೋಗದ ಅಡುಗೆಯವರು, ಲಾರಿ ಡ್ರೈವರುಗಳು, ಗುಮಾಸ್ತರು ಕೂಡ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ನಿಮ್ಮ ಮಾವ "ನಾನು ಕಾಡಲ್ಲಿ ಇರಲೇ ಇಲ್ಲ, ಸ್ಟೋರಿನಲ್ಲಿದ್ದೆ" ಅಂದರೆ ಅದರಿಂದ ಅರ್ಜಿಗೆ ಏನೂ ತೊಂದರೆಯಿಲ್ಲ ಅಂತ ಅವರಿಗೆ ಹೇಳಿ.

(ಇಲ್ಲೊಂದು ಮಾತು ಹೇಳದೆ ಇರಲಾರೆ. ಅದೇ ನೆಲದಲ್ಲಿ ಹುಟ್ಟಿ ಅದೇ ನೀರು ಕುಡಿದ ವಿಯೆಟ್ನಾಂ ಜನ ರಾಸಾಯನಿಕ ಕಂಪನಿಗಳ ಮೇಲೆ ಅಮೆರಿಕದ ಕೋರ್ಟಿನಲ್ಲಿ ಹೂಡಿದ ದಾವೆ 2005ರಲ್ಲಿ ವಜಾ ಆಯಿತು. ನಮ್ಮಲ್ಲೂ ಬೆಳ್ತಂಗಡಿ ತಾಲೂಕಿನ ಕೊಕ್ಕಡ ಕಡೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರಲ್ಲ, ಆ ಮನೆಗಳವರು ಮಕ್ಕಳನ್ನು ಎತ್ತಿಕೊಂಡು ಎಷ್ಟು ವರ್ಷ ಕಚೇರಿಯಿಂದ ಕಚೇರಿಗೆ ಅಲೆದರು. ಸಾಬೀತು ಮಾಡುವ ಹೊರೆ ಯಾರ ತಲೆ ಮೇಲೆ ಇರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ. ನಿಮ್ಮ ಮಾವನವರ ತಲೆ ಮೇಲಿಂದ ಆ ಹೊರೆಯನ್ನು ಕಾನೂನು ಇಳಿಸಿದೆ. ಅದನ್ನು ಬಳಸಿಕೊಳ್ಳಿ.)

ಮಾವನವರ ಕಾಯಿಲೆಗಳನ್ನು ಒಂದೊಂದಾಗಿ ನೋಡೋಣ. ಮೊದಲು ಹೃದಯ, ಯಾಕೆಂದರೆ ದೊಡ್ಡ ವಿಷಯ ಇರುವುದೇ ಅಲ್ಲಿ.

2004ರಲ್ಲಿ ತಿರಸ್ಕರಿಸಿದ್ದು ಅಂದಿನ ನಿಯಮದ ಪ್ರಕಾರ ಸರಿಯೇ ಇತ್ತು. ಆಗ ಹೃದಯದ ಕಾಯಿಲೆ ಪಟ್ಟಿಯಲ್ಲಿ ಇರಲಿಲ್ಲ. 2010ರ ಆಗಸ್ಟ್ 31ರಂದು ಇಸ್ಕೆಮಿಕ್ ಹಾರ್ಟ್ ಡಿಸೀಸ್, ಪಾರ್ಕಿನ್ಸನ್ಸ್, ಬಿ-ಸೆಲ್ ಲ್ಯುಕೇಮಿಯಾ ಮೂರನ್ನೂ ಸೇರಿಸಿದರು. ರಕ್ತನಾಳ ಕಟ್ಟಿಕೊಂಡು ಬೈಪಾಸ್ ಆಗಿದೆ ಅಂದಮೇಲೆ ಅದು ಇಸ್ಕೆಮಿಕ್ ಹಾರ್ಟ್ ಡಿಸೀಸ್ ಒಳಗೇ ಬರುತ್ತದೆ. ಸಾಮಾನ್ಯವಾಗಿ ಹೊಸ ಅರ್ಜಿಗೆ ಹೊಸ ತಾರೀಖಿನಿಂದಲೇ ಹಣ. ಆದರೆ ವಿಯೆಟ್ನಾಂನಲ್ಲಿದ್ದವರಿಗೆ ನೆಹ್ಮರ್ ಅನ್ನುವ ಪ್ರಕರಣದ ರಕ್ಷಣೆ ಇದೆ. 1986ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ಹೂಡಿದ ಸಾಮೂಹಿಕ ದಾವೆ ಅದು. ಅದರ ಫಲವಾಗಿ ಬಂದ ನಿಯಮ ಹೀಗಿದೆ: ಒಂದು ಕಾಯಿಲೆ ಪಟ್ಟಿಗೆ ಸೇರುವ ಮುಂಚೆಯೇ ನೀವು ಅದೇ ಕಾಯಿಲೆಗೆ ಅರ್ಜಿ ಹಾಕಿದ್ದರೆ, ಆಮೇಲೆ ಅದು ಪಟ್ಟಿಗೆ ಸೇರಿ ಮಂಜೂರಾದಾಗ, ಹಣದ ಲೆಕ್ಕ ಆ ಹಳೆಯ ಅರ್ಜಿ ತಲುಪಿದ ದಿನದಿಂದ ಅಥವಾ ಕಾಯಿಲೆ ಶುರುವಾದ ದಿನದಿಂದ, ಎರಡರಲ್ಲಿ ಯಾವುದು ಈಚಿನದೋ ಅಲ್ಲಿಂದ ಶುರುವಾಗಬೇಕು. ಅಂದರೆ ನಿಮ್ಮ ಮಾವನವರಿಗೆ 2004ರಿಂದ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಬಾಕಿ ಅದು. ಇಂಥ ಬಾಕಿ ಒಂದು ಲಕ್ಷ ಡಾಲರ್ ದಾಟುವುದು ಅಪರೂಪವೇನಲ್ಲ.

2010ರ ನಂತರ ಇಲಾಖೆ ಹಳೆಯ ಕಡತಗಳನ್ನು ತಾನಾಗಿಯೇ ತೆಗೆದು ನೋಡಿತ್ತು. ಆದರೆ ಮನೆ ಬದಲಾಯಿಸಿದವರು, ಪತ್ರ ತಲುಪದವರು, ಅರ್ಜಿಯಲ್ಲಿ ಕಾಯಿಲೆಯ ಹೆಸರು ಬೇರೆ ಥರ ಬರೆದವರು ಬಿಟ್ಟುಹೋಗಿರುವುದು ಸಾಧ್ಯ. ಹಾಗಾಗಿ 2004ರ ಅರ್ಜಿಯ ಪ್ರತಿ, ತಿರಸ್ಕಾರದ ಪತ್ರ ಎರಡನ್ನೂ ಹುಡುಕಿ. ಅಟ್ಟದ ಮೇಲಿನ ಪೆಟ್ಟಿಗೆ, ಅತ್ತೆಯ ಬೀರು, ಎಲ್ಲ ಕಡೆ ನೋಡಿ. ಸಿಗದಿದ್ದರೂ ಹೆದರಬೇಡಿ, ಇಲಾಖೆಯ ಕಡತವನ್ನೇ ಕೇಳಿ ತರಿಸಿಕೊಳ್ಳಬಹುದು. ಹೃದಯಕ್ಕೆ ಹಾಕಬೇಕಾದ್ದು ಸಪ್ಲಿಮೆಂಟಲ್ ಕ್ಲೇಮ್, ಅಂದರೆ ಹಿಂದೆ ತಿರಸ್ಕಾರವಾದದ್ದನ್ನು ಮತ್ತೆ ಕೇಳುವ ಅರ್ಜಿ, ಫಾರಂ 20-0995. ಅದರ ಜೊತೆಯಲ್ಲಿ ಒಂದು ಪುಟದ ಪತ್ರ ಇಡಿ. 2004ರ ಅರ್ಜಿ ಇದೆ, ನೆಹ್ಮರ್ ಪ್ರಕಾರ ಅದೇ ದಿನಾಂಕ ಕೊಡಿ ಅಂತ ಸ್ಪಷ್ಟವಾಗಿ ಬರೆಯಿರಿ. ಬರೆಯದಿದ್ದರೆ ಈಚಿನ ದಿನಾಂಕ ಹಾಕಿ ಮುಗಿಸಿಬಿಡುವ ಸಾಧ್ಯತೆ ಇದೆ. ಹಾಗೆ ಆದರೂ ನಿರ್ಧಾರದ ಪತ್ರದ ದಿನಾಂಕದಿಂದ ಒಂದು ವರ್ಷದೊಳಗೆ ಮೇಲ್ಮನವಿ ಮಾಡಬಹುದು.

ಪ್ರಾಸ್ಟೇಟ್ ಕ್ಯಾನ್ಸರ್ ಬಹಳ ವರ್ಷದಿಂದ ಪಟ್ಟಿಯಲ್ಲಿದೆ. ಕ್ಯಾನ್ಸರ್ ಇರುವಷ್ಟು ಕಾಲ, ಚಿಕಿತ್ಸೆ ನಡೆಯುವಷ್ಟು ಕಾಲ, 100 ಶೇಕಡಾ ಅಂಗವೈಕಲ್ಯ ಕೊಡುತ್ತಾರೆ (ಶೇಕಡಾ ಹೆಚ್ಚಾದಷ್ಟೂ ತಿಂಗಳ ಹಣ ಹೆಚ್ಚು). ಚಿಕಿತ್ಸೆ ಮುಗಿದು ಆರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿ, ಉಳಿದ ತೊಂದರೆಗಳ ಮೇಲೆ ಶೇಕಡಾವಾರು ನಿಗದಿ ಮಾಡುತ್ತಾರೆ. ಗಂಡಸರು ಬಾಯಿ ಬಿಡದೆ ಇರುವುದು ಇಲ್ಲೇ. ಮೂತ್ರ ಸೋರುವುದು, ರಾತ್ರಿ ನಾಲ್ಕು ಸಲ ಏಳುವುದು, ದಿನಕ್ಕೆ ಎಷ್ಟು ಪ್ಯಾಡ್ ಬದಲಾಯಿಸಬೇಕು, ಗಂಡ ಹೆಂಡಿರ ಸಂಬಂಧದಲ್ಲಿ ಆದ ತೊಂದರೆ, ಇದನ್ನೆಲ್ಲ ನಾಚಿಕೆಯಿಂದ ಡಾಕ್ಟರ ಮುಂದೆ ಹೇಳುವುದೇ ಇಲ್ಲ. ದಿನಕ್ಕೆ ಎರಡರಿಂದ ನಾಲ್ಕು ಪ್ಯಾಡ್ ಬೇಕಾದರೆ 40 ಶೇಕಡಾ, ನಾಲ್ಕಕ್ಕಿಂತ ಜಾಸ್ತಿ ಆದರೆ 60. ಹೇಳದಿದ್ದರೆ ಸೊನ್ನೆ. ಸೊಸೆಯಾಗಿ ನಿಮಗೆ ಈ ಮಾತು ಎತ್ತಲು ಕಷ್ಟ ಅಲ್ವಾ, ನಿಮ್ಮ ಗಂಡನ ಕೈಲಿ ಮಾತಾಡಿಸಿ.

ಸಕ್ಕರೆ ಕಾಯಿಲೆ, ಅಂದರೆ ಟೈಪ್ 2 ಡಯಾಬಿಟಿಸ್, 2001ರಿಂದ ಪಟ್ಟಿಯಲ್ಲಿದೆ. ಪಥ್ಯದ ಜೊತೆ ಮಾತ್ರೆ ತಗೊಳ್ಳುತ್ತಿದ್ದರೆ ಸಾಮಾನ್ಯವಾಗಿ 20 ಶೇಕಡಾ. ಇಲ್ಲೂ ಒಂದು ಕಿವಿಮಾತು. ಸಕ್ಕರೆಯಿಂದಾಗಿ ಪಾದ ಜೋಮು ಹಿಡಿಯುವುದು, ಉರಿಯುವುದು, ಕಿಡ್ನಿ ತೊಂದರೆ, ಕಣ್ಣಿನ ತೊಂದರೆ ಇದ್ದರೆ ಪ್ರತಿಯೊಂದನ್ನೂ ಅರ್ಜಿಯಲ್ಲಿ ಬೇರೆ ಬೇರೆಯಾಗಿ ಬರೆಯಿರಿ. ಮೊದಲನೆಯ ಕಾಯಿಲೆ ಹುಟ್ಟಿಸಿದ ಎರಡನೆಯ ಕಾಯಿಲೆಗೂ ಪರಿಹಾರ ಇದೆ. ಸಕ್ಕರೆಗಿಂತ ಅದರ ಮಕ್ಕಳೇ ಜಾಸ್ತಿ ಶೇಕಡಾ ತಂದುಕೊಟ್ಟ ಅರ್ಜಿಗಳನ್ನು ನೋಡಿದ್ದೇನೆ.

ಬಿಪಿ ಸೇರಿದ್ದು 2022ರ ಆಗಸ್ಟ್ 10ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದ ಪ್ಯಾಕ್ಟ್ ಕಾಯ್ದೆಯಿಂದ. ಶೇಕಡಾ ಕಡಿಮೆ, ಹೆಚ್ಚಿನವರಿಗೆ ಹತ್ತು ಅಥವಾ ಸೊನ್ನೆ. ಆದರೂ ಹಾಕಿ. ಯಾಕೆ ಅಂತ ಅತ್ತೆಯ ವಿಷಯ ಬಂದಾಗ ಹೇಳುತ್ತೇನೆ.

ಶೇಕಡಾ ಕೂಡುವ ರೀತಿ ನೋಡಿ ಜನ ಮೋಸ ಆಯಿತು ಅಂತ ಬೇಜಾರು ಮಾಡಿಕೊಳ್ಳುತ್ತಾರೆ, ಅದನ್ನು ಮೊದಲೇ ತಿಳಿದಿರಿ. ಹೃದಯಕ್ಕೆ 60, ಸಕ್ಕರೆಗೆ 20, ಬಿಪಿಗೆ 10 ಬಂತು ಅಂದುಕೊಳ್ಳಿ. ಒಟ್ಟು 90 ಆಗುವುದಿಲ್ಲ. ಮೊದಲು ನೂರರಲ್ಲಿ 60 ಹೋಯಿತು, ಉಳಿದ 40ರಲ್ಲಿ 20 ಶೇಕಡಾ ಅಂದರೆ 8, ಆಗ 68. ಉಳಿದ 32ರಲ್ಲಿ ಹತ್ತನೇ ಒಂದು ಭಾಗ 3. ಒಟ್ಟು 71, ಅದನ್ನು 70 ಅಂತ ಮಾಡುತ್ತಾರೆ. 2025ರ ದರದಲ್ಲಿ 70 ಶೇಕಡಾದವರಿಗೆ ಹೆಂಡತಿಯೂ ಇದ್ದರೆ ತಿಂಗಳಿಗೆ 1,900 ಡಾಲರ್ ಆಸುಪಾಸು, 100 ಶೇಕಡಾ ಆದರೆ 4,000 ದಾಟುತ್ತದೆ. ಇದಕ್ಕೆ ಆದಾಯ ತೆರಿಗೆ ಇಲ್ಲ. ಹೃದಯದ ಶೇಕಡಾ ನಿಗದಿಯಾಗುವುದು ಎಷ್ಟು ಶ್ರಮಕ್ಕೆ ಏದುಸಿರು ಬರುತ್ತದೆ ಅನ್ನುವುದರ ಮೇಲೆ. ಮೆಟ್ಟಿಲು ಹತ್ತುವಾಗ ನಿಲ್ಲುತ್ತಾರಾ, ಸ್ನಾನ ಮಾಡಿದರೆ ಸುಸ್ತಾಗುತ್ತಾರಾ, ಎಲ್ಲ ಗಮನಿಸಿ ಬರೆದಿಟ್ಟುಕೊಳ್ಳಿ.

ಅರ್ಜಿ ಹಾಕಿದ ಮೇಲೆ ಪರೀಕ್ಷೆಗೆ ಕರೆಯುತ್ತಾರೆ, ಸಿ ಅಂಡ್ ಪಿ ಎಕ್ಸಾಮ್ ಅಂತ. ಅದನ್ನು ತಪ್ಪಿಸಲೇಬಾರದು, ತಪ್ಪಿಸಿದರೆ ಅರ್ಜಿ ಬಿದ್ದುಹೋಗುವ ಅಪಾಯ ಇದೆ. ಆ ದಿನ ಹಳೆಯ ಸೈನಿಕರು ಇಸ್ತ್ರಿ ಬಟ್ಟೆ ಹಾಕಿಕೊಂಡು, ಎದೆ ಉಬ್ಬಿಸಿ ನಡೆದು, "ಹೇಗಿದ್ದೀರಿ" ಅಂದರೆ "ಚೆನ್ನಾಗಿದ್ದೀನಿ" ಅಂದುಬಿಡುತ್ತಾರೆ. ಡಾಕ್ಟರು ಹಾಗೇ ಬರೆದುಕೊಳ್ಳುತ್ತಾರೆ. ಕೆಟ್ಟ ದಿನ ಹೇಗಿರುತ್ತದೋ ಅದನ್ನು ಹೇಳಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಕಾಗದಗಳಲ್ಲಿ ಮುಖ್ಯವಾದದ್ದು ಡಿಡಿ-214, ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಪತ್ರ. ವಿಯೆಟ್ನಾಂ ಸರ್ವಿಸ್ ಮೆಡಲ್ ಇದೆ ಅಂತ ಸುಮ್ನೆ ಕೂರಬೇಡಿ, ಆ ಪದಕ ಸುತ್ತಮುತ್ತಲ ಪ್ರದೇಶದಲ್ಲಿ ಸೇವೆ ಮಾಡಿದವರಿಗೂ ಕೊಟ್ಟಿದ್ದಾರೆ. ಅದೊಂದರಿಂದ ನೆಲದ ಮೇಲೆ ಇದ್ದರು ಅಂತ ಆಗುವುದಿಲ್ಲ. ವಿಯೆಟ್ನಾಂಗೆ ಕಳಿಸಿದ ಆದೇಶ, ಅಲ್ಲಿಂದ ಮನೆಗೆ ಬರೆದ ಪತ್ರದ ಲಕೋಟೆ, ಫೋಟೋ, ಜೊತೆಗಿದ್ದ ಗೆಳೆಯನ ಹೇಳಿಕೆ, ಇವೆಲ್ಲ ನೆರವಾಗುತ್ತವೆ. ಡಿಡಿ-214 ಕಳೆದುಹೋಗಿದ್ದರೆ ಸೇಂಟ್ ಲೂಯಿಸ್‌ನ ನ್ಯಾಷನಲ್ ಪರ್ಸೊನೆಲ್ ರೆಕಾರ್ಡ್ಸ್ ಸೆಂಟರ್‌ನಿಂದ ತರಿಸಬಹುದು. 1973ರಲ್ಲಿ ಅಲ್ಲಿ ಬೆಂಕಿ ಬಿದ್ದು ಕೋಟಿಗೂ ಜಾಸ್ತಿ ಕಡತ ಸುಟ್ಟುಹೋಯಿತು ಅಂತ ಯಾರಾದರೂ ಹೆದರಿಸಿದರೆ, ಸೈನ್ಯದ ಮಟ್ಟಿಗೆ ಸುಟ್ಟಿದ್ದು 1960ಕ್ಕಿಂತ ಮುಂಚೆ ಬಿಡುಗಡೆಯಾದವರ ಕಡತಗಳು. ನಿಮ್ಮ ಮಾವನವರದ್ದು ಅದರಲ್ಲಿ ಬರುವುದಿಲ್ಲ.

ಸಕ್ಕರೆ, ಬಿಪಿ, ಕ್ಯಾನ್ಸರ್ ಮೂರಕ್ಕೂ ಫಾರಂ 21-526ಇಝಡ್. ಇದನ್ನು ತುಂಬಲು ದುಡ್ಡು ಕೊಡಬೇಡಿ. ಡಿಎವಿ, ವಿಎಫ್‌ಡಬ್ಲ್ಯೂ, ಅಮೆರಿಕನ್ ಲೀಜನ್, ವಿಯೆಟ್ನಾಂ ವೆಟರನ್ಸ್ ಆಫ್ ಅಮೆರಿಕ, ಮಾಜಿ ಸೈನಿಕರ ಈ ಸಂಘಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ಪುಕ್ಕಟೆ ಮಾಡಿಕೊಡುತ್ತಾರೆ. ಓಹಾಯೋದಲ್ಲಿ ಪ್ರತಿ ಕೌಂಟಿಯಲ್ಲೂ ವೆಟರನ್ಸ್ ಸರ್ವಿಸ್ ಕಚೇರಿ ಇದೆ. ಕೆಲವು ಕಂಪನಿಗಳು ಫೋನ್ ಮಾಡಿ ಬೇಗ ಮಾಡಿಸಿಕೊಡುತ್ತೇವೆ ಅಂತ ಹೇಳಿ, ತಿಂಗಳಿಗೆ ಹೆಚ್ಚಾಗುವ ಮೊತ್ತದ ಐದು ಪಟ್ಟು ಕೇಳುತ್ತವೆ. ಮೊದಲ ಅರ್ಜಿ ತಯಾರಿಸಿಕೊಡಲು ಶುಲ್ಕ ತಗೊಳ್ಳುವುದಕ್ಕೆ ಫೆಡರಲ್ ಕಾನೂನು ಅವಕಾಶ ಕೊಟ್ಟಿಲ್ಲ. ಫೋನ್ ಇಟ್ಟುಬಿಡಿ. ಹಾಗೆಯೇ 1984ರಲ್ಲಿ ರಾಸಾಯನಿಕ ಕಂಪನಿಗಳು ಕೊಟ್ಟ 18 ಕೋಟಿ ಡಾಲರಿನ ನಿಧಿಯಲ್ಲಿ ಪಾಲು ಕೊಡಿಸುತ್ತೇವೆ ಅನ್ನುವವರನ್ನೂ ನಂಬಬೇಡಿ. ಆ ನಿಧಿ ಮುಚ್ಚಿ ಬಹಳ ವರ್ಷವಾಯಿತು.

ಈಗ ಅತ್ತೆಯ ವಿಷಯ. ಬರೆಯಲು ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ಬರೆಯಬೇಕು.

ಸೇವೆಯಿಂದ ಬಂದ ಕಾಯಿಲೆಯಿಂದ ಗಂಡ ತೀರಿಕೊಂಡರೆ ಹೆಂಡತಿಗೆ ಡಿಐಸಿ ಅನ್ನುವ ಮಾಸಿಕ ಹಣ ಬರುತ್ತದೆ. 2025ರಲ್ಲಿ ಅದರ ಮೂಲ ದರ ತಿಂಗಳಿಗೆ 1,653 ಡಾಲರ್. ಆ ಕಾಯಿಲೆ ಸಾವಿಗೆ ಮುಖ್ಯ ಕಾರಣವೋ ಪೂರಕ ಕಾರಣವೋ ಆಗಿರಬೇಕು, ಮರಣ ಪ್ರಮಾಣಪತ್ರದಲ್ಲೇ ಹಾಗೆ ಬರೆದಿದ್ದರೆ ಕೆಲಸ ಸುಲಭ. ಬಿಪಿಗೂ ಅರ್ಜಿ ಹಾಕಿ ಅಂದದ್ದು ಇದಕ್ಕೇ. ನಾಳೆ ಪಾರ್ಶ್ವವಾಯು ಹೊಡೆದು ಹೋದರೆ, ಸೊನ್ನೆ ಶೇಕಡಾ ಇದ್ದರೂ ಸರಿ, ಬಿಪಿ ಸೇವೆಯಿಂದ ಬಂದದ್ದು ಅಂತ ಮೊದಲೇ ದಾಖಲೆಯಲ್ಲಿದ್ದರೆ ಅತ್ತೆಯ ದಾರಿ ಎಷ್ಟೋ ಸುಲಭವಾಗುತ್ತದೆ. ಹತ್ತು ವರ್ಷ ಹೃದಯ, ಸಕ್ಕರೆ ಅಂತ ನರಳಿದವರ ಮರಣಪತ್ರದಲ್ಲಿ ಬರೀ ನ್ಯುಮೋನಿಯಾ ಅಂತ ಬರೆದು, ಹೆಂಡತಿ ಆಮೇಲೆ ವರ್ಷಗಟ್ಟಲೆ ಒದ್ದಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಮನೆಯ ಡಾಕ್ಟರಿಗೆ ಈ ವಿಷಯ ಈಗಲೇ ತಿಳಿಸಿ ಇಡಿ.

ಅರ್ಜಿ ನಡೆಯುತ್ತಿರುವಾಗಲೇ ಮಾವನವರಿಗೆ ಏನಾದರೂ ಆದರೆ, ಅವರ ಜಾಗದಲ್ಲಿ ನಿಂತು ಅರ್ಜಿ ಮುಂದುವರಿಸುವ ಹಕ್ಕು ಅತ್ತೆಗಿದೆ. ಆದರೆ ಒಂದು ವರ್ಷದೊಳಗೆ ಕೇಳಬೇಕು. ಡಿಐಸಿಗೆ ಗಡುವು ಇಲ್ಲ, ಆದರೂ ವರ್ಷದೊಳಗೆ ಹಾಕಿದರೆ ತೀರಿಕೊಂಡ ತಿಂಗಳ ಮೊದಲ ದಿನದಿಂದ ಲೆಕ್ಕ ಬರುತ್ತದೆ. ಮಾವನವರಿಗೆ 100 ಶೇಕಡಾ ಶಾಶ್ವತ ಅಂತ ಆದರೆ ಅತ್ತೆಗೆ ಅವರು ಬದುಕಿರುವಾಗಲೇ ಚಾಂಪ್‌ವಿಎ ಅನ್ನುವ ಆರೋಗ್ಯ ಸೌಲಭ್ಯ ಸಿಗುತ್ತದೆ. ಬರೀ ಕ್ಯಾನ್ಸರ್ ಚಿಕಿತ್ಸೆಯ ಕಾಲದ 100 ಅದಕ್ಕೆ ಸಾಲುವುದಿಲ್ಲ, ಶಾಶ್ವತ ಅನ್ನುವ ಪದ ಪತ್ರದಲ್ಲಿ ಇದೆಯಾ ನೋಡಿ.

ನಿಮ್ಮ ಅಣ್ಣನ ಮಗನಿಗೂ ದಾರಿ ಇದೆ. ಅಫ್ಘಾನಿಸ್ತಾನ, ಇರಾಕ್‌ನ ಕ್ಯಾಂಪುಗಳಲ್ಲಿ ದೊಡ್ಡ ಗುಂಡಿ ತೋಡಿ ಪ್ಲಾಸ್ಟಿಕ್, ಬ್ಯಾಟರಿ, ಟೈರು, ಆಸ್ಪತ್ರೆ ಕಸ, ಮಲ, ಎಲ್ಲಕ್ಕೂ ವಿಮಾನದ ಇಂಧನ ಸುರಿದು ಸುಡುತ್ತಿದ್ದರು. ಮಲಗುವ ಜಾಗಕ್ಕೆ ಆ ಕಪ್ಪು ಹೊಗೆ ಬರುತ್ತಿತ್ತು. ಪ್ಯಾಕ್ಟ್ ಕಾಯ್ದೆಗೆ ಹೆಸರು ಕೊಟ್ಟ ಓಹಾಯೋದ ಸಾರ್ಜೆಂಟ್ ಹೀತ್ ರಾಬಿನ್ಸನ್ 2020ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಈ ಕಾಯ್ದೆಯಲ್ಲಿ ಆಸ್ತಮಾ ಇದೆ, ಆದರೆ ಸೇವೆ ಮುಗಿದ ಮೇಲೆ ಪತ್ತೆಯಾದ ಆಸ್ತಮಾ ಆಗಿರಬೇಕು. ಸೇವೆಯಲ್ಲಿದ್ದಾಗಲೇ ಪತ್ತೆಯಾಗಿದ್ದರೆ ಇನ್ನೂ ನೇರ, ಅದಕ್ಕೆ ಪ್ರಿಸಂಪ್ಷನ್ ಕೂಡ ಬೇಡ. ದಿನಾ ಇನ್‌ಹೇಲರ್ ಬೇಕಾದರೆ 30 ಶೇಕಡಾ, 2025ರ ದರದಲ್ಲಿ ಒಂಟಿ ಇರುವವರಿಗೆ ತಿಂಗಳಿಗೆ 537 ಡಾಲರ್. ಕಸ ಸುಡುವ ಆ ಗುಂಡಿಗಳ ಹೊಗೆ ಕುಡಿದವರ ಪಟ್ಟಿಯಾದ ಬರ್ನ್ ಪಿಟ್ ರಿಜಿಸ್ಟ್ರಿಯಲ್ಲಿ ಹೆಸರು ಸೇರಿಸಿದ್ದೇನೆ, ಸಾಕು ಅಂತ ಅವನು ಹೇಳಿದರೆ, ಅದು ಅರ್ಜಿ ಅಲ್ಲ ಅಂತ ತಿಳಿಸಿ. ಬಹಳ ಹುಡುಗರು ಅಲ್ಲೇ ನಿಂತುಬಿಟ್ಟಿದ್ದಾರೆ.

ಮೈಸೂರಿನಲ್ಲಿದ್ದರೆ ಹಣ ನಿಲ್ಲುವುದಿಲ್ಲ, ಪರಿಹಾರ ಯಾವ ದೇಶದಲ್ಲಿದ್ದರೂ ಬರುತ್ತದೆ. ಆಸ್ತಮಾ ಮಂಜೂರಾದ ಮೇಲೆ ಅದರ ಚಿಕಿತ್ಸೆಯ ಖರ್ಚನ್ನು ಫಾರಿನ್ ಮೆಡಿಕಲ್ ಪ್ರೋಗ್ರಾಂ ಕೊಡುತ್ತದೆ. ಅದಕ್ಕೆ ಅವನು ಹೆಸರು ನೋಂದಾಯಿಸಬೇಕು. ಆಸ್ಪತ್ರೆ ಬಿಲ್ಲು, ಡಾಕ್ಟರ ಚೀಟಿ, ಔಷಧಿ ಅಂಗಡಿಯ ರಸೀದಿ, ಒಂದನ್ನೂ ಎಸೆಯಬಾರದು.

ಕೊನೆಗೆ, ಮಾವನವರು ಇಷ್ಟು ವರ್ಷ ಆ ಮಾತೇ ಎತ್ತಿಲ್ಲ ಅಂದಿರಲ್ಲ. "ನನಗಿಂತ ಕಷ್ಟದಲ್ಲಿ ಇರುವವರಿಗೆ ಸಿಗಲಿ" ಅಂತ ಅವರು ಅನ್ನಬಹುದು, ಆ ಪೀಳಿಗೆಯ ಎಷ್ಟೋ ಜನ ನನ್ನ ಮುಂದೆ ಇದೇ ಮಾತು ಆಡಿದ್ದಾರೆ. ಇವರು ತಗೊಂಡರೆ ಇನ್ನೊಬ್ಬ ಸೈನಿಕನ ಪಾಲು ಕಡಿಮೆಯಾಗುವುದಿಲ್ಲ. ಅದಕ್ಕೂ ಒಪ್ಪದಿದ್ದರೆ ಅತ್ತೆಯ ಹೆಸರು ಹೇಳಿ, ಹೆಚ್ಚಿನವರು ಆಗ ಪೆನ್ನು ತಗೊಳ್ಳುತ್ತಾರೆ. ಫೋನ್ ಮಾಡಿ ಆದ ಮೇಲೆ 2004ರ ಪತ್ರ ಸಿಕ್ಕಿದರೆ ನನಗೆ ಮತ್ತೆ ಬರೆಯಿರಿ. ಅದರಲ್ಲಿ ಹೃದಯದ ಕಾಯಿಲೆಗೆ ಯಾವ ಪದ ಬಳಸಿದ್ದಾರೆ, ಅರ್ಜಿ ತಲುಪಿದ ದಿನಾಂಕ ಯಾವುದು, ಇವೆರಡನ್ನು ಅಲ್ಲಿ ಇದ್ದ ಹಾಗೇ ಬರೆದು ಕಳಿಸಿ.